ದನ ಸಾಕಿದವರೂ ಕೋಚ್ ಆದವರೂ ಬೋರ್ಡಿನಲ್ಲಿ ಕೂತವರೂ ಒಬ್ಬರೇ ಹೇಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ನಿವೃತ್ತ ಶಾಲಾ ಶಿಕ್ಷಕಿ. ಮಗಳ ಮನೆಗೆಂದು ಅಮೆರಿಕದ ಮೊಂಟಾನಾ ರಾಜ್ಯಕ್ಕೆ, ಬೋಜ್‌ಮನ್ ಹತ್ತಿರದ ಒಂದು ಊರಿಗೆ ಬಂದು ಐದು ತಿಂಗಳಾಗುತ್ತಾ ಬಂತು. ಹತ್ತಿರದಲ್ಲೇ ದನ ಸಾಕುವ ಹಿರಿಯರೊಬ್ಬರಿದ್ದರು. ಮಾರ್ಚ್‌ನಲ್ಲಿ ಒಂದು ಸಂಜೆ ನಮ್ಮನ್ನು ಕರೆದು, ಆಗತಾನೇ ಹುಟ್ಟಿದ ಕರು ತೋರಿಸಿದರು. ಕಳೆದ ವಾರ ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಅವರನ್ನು ರಾಂಚರ್, ಕೋಚ್, ರಾಜ್ಯದ ಲೈವ್‌ಸ್ಟಾಕ್ ಬೋರ್ಡಿನ ಮಾಜಿ ಸದಸ್ಯ ಎಂದು ಬರೆದಿದ್ದಾರೆ. ರಾಂಚರ್ ಎಂದರೆ ಜಮೀನ್ದಾರರೇ? ದನ ಸಾಕುವವರು ಯಾವ ಆಟದ ಕೋಚ್? ಬೋರ್ಡ್ ಎಂದರೆ ಸರ್ಕಾರಿ ನೌಕರಿಯೇ? ಅಷ್ಟು ಪ್ರೀತಿಯಿಂದ ಕರು ಒರೆಸಿದವರು ಅದನ್ನೇ ಮಾಂಸಕ್ಕೆ ಮಾರುತ್ತಾರೆ ಎಂದು ಅಳಿಯ ಹೇಳಿದಾಗ ನನಗೆ ನಿದ್ದೆ ಬರಲಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಲಿ? ಕೊನೆಯಲ್ಲಿ, ಹೂವಿನ ಬದಲು ಊರಿನ ಫೋರ್-ಎಚ್ ಮಕ್ಕಳ ಕ್ಲಬ್ಬಿಗೆ ದೇಣಿಗೆ ಕೊಡಿ ಎಂದಿದೆ. ನಾವು ಏನು ಮಾಡಬೇಕು?

ಉತ್ತರ: ಮೇಡಂ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಹೆಬ್ಬಾಳದಲ್ಲಿ ಓದಿದ ಪಶುವೈದ್ಯ. ಮೊದಲ ಕೆಲಸ ತರೀಕೆರೆ ಕಡೆ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊಂಟಾನಾ, ವಯೋಮಿಂಗ್ ಸೀಮೆಯ ದನಗಳ ನಡುವೆ ಕಳೆದೆ. ನಿಮ್ಮ ನೆರೆಯವರನ್ನು ನಾನು ನೋಡಿಲ್ಲ. ಆದರೆ ಅಂಥವರು ಹತ್ತಾರು ಮಂದಿ ನನಗೆ ಗೊತ್ತು. ರಾಂಚ್, ಕೋಚಿಂಗ್, ಬೋರ್ಡ್ ಮೂರೂ ಒಬ್ಬರ ಹೆಸರಿನ ಕೆಳಗೆ ಬರುವುದು ಅಲ್ಲಿ ಅಪರೂಪವೇನಲ್ಲ. ಅದು ಯಾಕೆ ಎಂದು ತಿಳಿಯಬೇಕಾದರೆ ದನದಿಂದಲೇ ಶುರು ಮಾಡಬೇಕು.

ರಾಂಚ್ ಎಂಬ ಮಾತಿಗೆ ನಮ್ಮಲ್ಲಿ ಹತ್ತಿರದ ಮಾತು ಕಾವಲು, ಅಂದರೆ ದನ ಮೇಯಲೆಂದೇ ಬಿಟ್ಟ ಹುಲ್ಲುಗಾವಲು. ನಿಮ್ಮ ಜಿಲ್ಲೆಯಲ್ಲೇ ಅಮೃತಮಹಲ್ ಕಾವಲುಗಳಿದ್ದವು, ನಿಮಗೆ ಗೊತ್ತಿರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನುತ್ತಿದ್ದ ಅರಮನೆಯ ದನಗಳ ಇಲಾಖೆಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಆ ದನಗಳಿಗೆ ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು. ಹುಲ್ಲು ಎಲ್ಲಿದೆಯೋ ದನ ಅಲ್ಲಿಗೆ ಹೋಗಬೇಕು. ಮೊಂಟಾನಾದ ಲೆಕ್ಕವೂ ಇದೇ. ಜೂನ್‌ನಲ್ಲಿ ದನ ಬೆಟ್ಟಕ್ಕೆ ಹೋಗುತ್ತದೆ. ಚಳಿಗೆ ಮೊದಲು ಕಣಿವೆಗೆ ಇಳಿಯುತ್ತದೆ. ಬೆಟ್ಟದ ಹುಲ್ಲು ಬಹುಪಾಲು ಸರ್ಕಾರದ್ದು. 1934ರ ಟೇಲರ್ ಕಾಯ್ದೆ ಬಂದ ಮೇಲೆ ಹುಲ್ಲುಗಾವಲಿನ ಸರ್ಕಾರಿ ನೆಲದಲ್ಲೂ ಮೇಯಿಸಲು ಪರವಾನಗಿ ಬೇಕಾಯಿತು. ಒಂದು ಹಸು ಮತ್ತು ಅದರ ಕರು ಒಂದು ತಿಂಗಳು ಮೇಯಲು ಇಷ್ಟು ಎಂದು ಶುಲ್ಕ. 2019ರಿಂದ 2025ರವರೆಗೆ ಅದು 1.35 ಡಾಲರ್ ಇತ್ತು. ಇಷ್ಟು ಕಡಿಮೆ ಯಾಕೆ ಎಂದು ಪರಿಸರದವರು ಕೇಳುತ್ತಾರೆ. ಬೇಲಿ, ನೀರು, ದನ ಕಾಯುವುದು ಎಲ್ಲ ನಮ್ಮ ಖರ್ಚು ಎಂದು ರಾಂಚಿನವರು ಹೇಳುತ್ತಾರೆ. ಆ ವಾದ ಇನ್ನೂ ಮುಗಿದಿಲ್ಲ.

ಒಂದು ಮಾತು ಮರೆಯಬಾರದು. ಆ ನೆಲ ಮೊದಲು ಕ್ರೋ, ಬ್ಲ್ಯಾಕ್‌ಫೀಟ್ ಮುಂತಾದ ಮೂಲ ಜನರದ್ದು. ಅಲ್ಲಿ ಮೇಯುತ್ತಿದ್ದದ್ದು ಬೈಸನ್ ಎಂಬ ದೊಡ್ಡ ಕಾಡುದನ. ಇದು ಮುಂದೆ ಬೋರ್ಡಿನ ವಿಷಯ ಬಂದಾಗ ನಿಮಗೆ ಬೇಕಾಗುತ್ತದೆ.

ಜಮೀನ್ದಾರರೇ ಎಂದು ಕೇಳಿದ್ದೀರಿ. ಎಕರೆ ಲೆಕ್ಕ ನೋಡಿದರೆ ಹಾಗೆ ಕಾಣುತ್ತದೆ. ಕೆಲಸ ನೋಡಿದರೆ ಬೇರೆ. ಮುನ್ನೂರು ಹಸುಗಳ ಒಂದು ಮನೆ ಎಂದಿಟ್ಟುಕೊಳ್ಳಿ. ಚಳಿಯಲ್ಲಿ ಒಂದು ಹಸುವಿಗೆ ದಿನಕ್ಕೆ ಸುಮಾರು 13 ಕೆಜಿ ಒಣಹುಲ್ಲು ಬೇಕು. ಒಟ್ಟು ದಿನಕ್ಕೆ ನಾಲ್ಕು ಟನ್ ಹತ್ತಿರ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಭಾನುವಾರ ಹಬ್ಬ ಏನೂ ಇಲ್ಲದೆ, ಹಿಮದಲ್ಲಿ ಗಾಡಿ ಓಡಿಸಿ ಅದನ್ನು ಹಾಕುವವರು ಬಹಳ ಮನೆಗಳಲ್ಲಿ ಗಂಡ, ಹೆಂಡತಿ, ಇದ್ದರೆ ಒಬ್ಬ ಆಳು. ಆಸ್ತಿ ಕಾಗದದ ಮೇಲೆ ಕೋಟಿಗಟ್ಟಲೆ. ಕೈಗೆ ಕಾಸು ಬರುವುದು ವರ್ಷಕ್ಕೆ ಒಂದೇ ಸಲ, ಕರು ಮಾರಿದಾಗ.

ಹೀಗೆ ಹುಲ್ಲು ಕೂಡಿಡುವುದನ್ನು ಆ ಸೀಮೆ ಕಷ್ಟಪಟ್ಟು ಕಲಿತದ್ದು. 1886-87ರ ಚಳಿಗಾಲದವರೆಗೆ ಬಯಲಲ್ಲಿ ದನ ಬಿಟ್ಟರೆ ಸಾಕು, ಬದುಕುತ್ತವೆ ಎಂದುಕೊಂಡಿದ್ದರು. ಹಿಂದಿನ ಬೇಸಿಗೆ ಒಣಗಿತ್ತು. ಹುಲ್ಲಿರಲಿಲ್ಲ. ಆಮೇಲೆ ಹಿಮ ಬಿತ್ತು, ಅರೆ ಕರಗಿತು, ಮತ್ತೆ ಗಟ್ಟಿಯಾಗಿ ಮುಚ್ಚಿಕೊಂಡಿತು. ಲಕ್ಷಾಂತರ ದನ ನಿಂತಲ್ಲೇ ಸತ್ತವು. ಮೊಂಟಾನಾದ ದನಗಾರರ ನಾಯಕರಲ್ಲಿ ಒಬ್ಬರಾಗಿದ್ದ ಗ್ರಾನ್‌ವಿಲ್ ಸ್ಟುವರ್ಟ್, ಮೇವು ಹಾಕಲಾಗದ, ಆಸರೆ ಕೊಡಲಾಗದ ಒಂದು ದನವೂ ತನ್ನದಾಗಿರುವುದು ಇನ್ನು ಬೇಡ ಎಂದು ಬರೆದುಕೊಂಡರು. ಅವರ ಬದುಕಿನ ಎಲ್ಲವೂ ನನಗೆ ಇಷ್ಟವಲ್ಲ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ.

ನೀವು ಮಾರ್ಚ್‌ನಲ್ಲಿ ನೋಡಿದ್ದು ಆ ಮನೆಯ ವರ್ಷದಲ್ಲೇ ಅತಿ ಕಷ್ಟದ ಹೊತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಸುಗಳು ಈಯುತ್ತವೆ. ಚೊಚ್ಚಲು ಕಡಸುಗಳನ್ನು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಎದ್ದು ನೋಡಬೇಕು. ಹುಟ್ಟಿದ ಕರು ಒದ್ದೆ ಇರುತ್ತದೆ. ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿನ ಗಾಳಿಗೆ ಕಿವಿ ಬಾಲ ಮರಗಟ್ಟಿ ಉದುರುತ್ತವೆ. ಒರೆಸಿ, ಬಿಸಿ ಮಾಡಿ, ಮೊದಲ ಕೆಲವು ಗಂಟೆಯೊಳಗೆ ಗಿಣ್ಣು ಕುಡಿಸಬೇಕು. ಹೊಟ್ಟೆಗೆ ಗಿಣ್ಣು ಬೀಳದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಪಿಕಪ್ ಗಾಡಿಯ ಹೀಟರ್ ಮುಂದೆ, ಅಡುಗೆಮನೆಯ ನೆಲದಲ್ಲಿ, ಸ್ನಾನದ ತೊಟ್ಟಿಯಲ್ಲಿ ಬಿಸಿನೀರು ಬಿಟ್ಟು ಕರು ಉಳಿಸಿದ್ದನ್ನು ನಾನೇ ಕಂಡಿದ್ದೇನೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ಹೌದು ಮೇಡಂ, ಆ ದನಗಳನ್ನು ಸಾಕುವುದೇ ಮಾಂಸಕ್ಕೆ. ಅಕ್ಟೋಬರ್, ನವೆಂಬರ್‌ನಲ್ಲಿ ಕರುಗಳನ್ನು ತಾಯಿಯಿಂದ ಬಿಡಿಸಿ ಮಾರುತ್ತಾರೆ. ಅವು ನೆಬ್ರಾಸ್ಕಾ, ಕಾನ್ಸಾಸ್ ಕಡೆಯ ಕೊಬ್ಬಿಸುವ ಅಂಗಳಗಳಿಗೆ ಹೋಗುತ್ತವೆ. ಬಹುಪಾಲು ಎರಡು ವರ್ಷ ತುಂಬುವ ಮೊದಲೇ ಕಸಾಯಿಖಾನೆ ಸೇರುತ್ತವೆ. ಹಿಂಡಿಗೆ ಬೇಕಾದ ಕೆಲವು ಕಡಸುಗಳು ಮಾತ್ರ ಉಳಿದು, ಎಂಟು ಹತ್ತು ವರ್ಷ ಅಲ್ಲೇ ಈಯುತ್ತಾ ಇರುತ್ತವೆ. ನಾನು ಮಾಂಸ ತಿನ್ನದ ಮನೆಯಲ್ಲಿ ಬೆಳೆದವನು. ಇಷ್ಟು ವರ್ಷ ಆದರೂ ಈ ವಿಷಯದಲ್ಲಿ ನನ್ನೊಳಗಿನ ಜಗಳ ತೀರಿಲ್ಲ. ಆದರೆ ಒಂದನ್ನು ಖಂಡಿತ ಹೇಳಬಲ್ಲೆ. ಆ ರಾತ್ರಿ ಅವರು ಕರು ಒರೆಸಿದ್ದು ಬರೀ ದುಡ್ಡಿಗಾಗಿ ಅಲ್ಲ. ಒಂದು ಕರುವಿನ ಬೆಲೆಯನ್ನು ಆ ರಾತ್ರಿಗಳ ನಿದ್ದೆಗೆ ಹಂಚಿದರೆ ಯಾರೂ ಆ ಕೆಲಸಕ್ಕೆ ಬರುವುದಿಲ್ಲ. ಮೇವು ಹಾಕುತ್ತೇನೆ, ಆಸರೆ ಕೊಡುತ್ತೇನೆ, ನೋವಾಗದಂತೆ ನೋಡಿಕೊಳ್ಳುತ್ತೇನೆ ಎಂಬ ಒಪ್ಪಂದ ಅದು. ಕೊನೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತು. ಅದನ್ನು ಮಕ್ಕಳಿಂದಲೂ ಮುಚ್ಚಿಡುವುದಿಲ್ಲ. ಊರ ಮೇಳದ ಹರಾಜಿನಲ್ಲಿ ಹತ್ತು ವರ್ಷದ ಹುಡುಗಿ ತಾನೇ ಸಾಕಿದ ಹೋರಿಯ ಕುತ್ತಿಗೆ ತಬ್ಬಿ ಅಳುತ್ತಾಳೆ. ಯಾರೂ ಅವಳನ್ನು ಬೈಯುವುದಿಲ್ಲ, ಸುಳ್ಳು ಹೇಳಿ ಸಮಾಧಾನವನ್ನೂ ಮಾಡುವುದಿಲ್ಲ. ಪಕ್ಕದಲ್ಲಿ ನಿಂತಿರುತ್ತಾರೆ, ಅಷ್ಟೇ.

ಹಿಂಡಿನಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ಆರಿಸುವುದೇ ರಾಂಚಿನವರ ನಿಜವಾದ ಕಸುಬು. ಗಬ್ಬ ನಿಲ್ಲದ್ದು, ಹಲ್ಲು ಸವೆದದ್ದು, ಕೆಚ್ಚಲು ಜೋತದ್ದು, ಗೊರಸು ಕೆಟ್ಟದ್ದು, ಹಾಯಲು ಬರುವುದು. ಪ್ರತಿಯೊಂದಕ್ಕೂ ಒಂದು ಕಾರಣ ಇರಬೇಕು. ತಪ್ಪು ಆರಿಸಿದರೆ ಅದು ಐದು ವರ್ಷ ಆದ ಮೇಲೆ ಹಿಂಡಿನಲ್ಲಿ ಕಾಣುತ್ತದೆ. ಕೋಚಿಂಗ್ ಹುಟ್ಟಿದ್ದು ಇಲ್ಲಿಂದಲೇ.

ಆಟದ ಕೋಚ್ ಕೂಡ ಆಗಿದ್ದಿರಬಹುದು. ಆ ಕಡೆಯ ಶಾಲೆಗಳು ಎಷ್ಟು ಚಿಕ್ಕವೆಂದರೆ ಹನ್ನೊಂದು ಹುಡುಗರ ಅಮೆರಿಕನ್ ಫುಟ್ಬಾಲ್ ತಂಡ ಕಟ್ಟಲು ಆಗುವುದಿಲ್ಲ. ಅದಕ್ಕಾಗಿಯೇ 1934ರಲ್ಲಿ ನೆಬ್ರಾಸ್ಕಾದ ಶಿಕ್ಷಕ ಸ್ಟೀಫನ್ ಎಪ್ಲರ್ ಆರೇ ಹುಡುಗರ ಫುಟ್ಬಾಲ್ ಶುರು ಮಾಡಿದರು. ಮೊಂಟಾನಾದಲ್ಲಿ ಇವತ್ತಿಗೂ ಅದನ್ನು ಆಡುತ್ತಾರೆ. ದನಕ್ಕೆ ಹುಲ್ಲು ಹಾಕಿ ಬಂದು ಸಂಜೆ ಮೈದಾನದಲ್ಲಿ ಸೀಟಿ ಊದುವವರು ಬಹಳ ಜನ.

ಆದರೆ ಬೋರ್ಡು, ಫೋರ್-ಎಚ್ ಎರಡೂ ಜೊತೆಗಿರುವುದನ್ನು ನೋಡಿದರೆ ನಿಮ್ಮ ನೆರೆಯವರು ದನ ನೋಡುವುದನ್ನು ಕಲಿಸುವ ಕೋಚ್ ಎಂದೇ ನನಗನ್ನಿಸುತ್ತದೆ. ಲೈವ್‌ಸ್ಟಾಕ್ ಜಡ್ಜಿಂಗ್ ಎಂದು ಕರೆಯುತ್ತಾರೆ. ನಮ್ಮಲ್ಲಿ ಹೀಗೊಂದು ಸ್ಪರ್ಧೆ ಇಲ್ಲದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಕ್ಕಳ ಮುಂದೆ ನಾಲ್ಕು ಪ್ರಾಣಿ ನಿಲ್ಲಿಸುತ್ತಾರೆ. ದನ, ಕುರಿ, ಹಂದಿ, ಆಡು, ಯಾವುದಾದರೂ. ನಾಲ್ಕಕ್ಕೂ 1ರಿಂದ 4ರವರೆಗೆ ಸಂಖ್ಯೆ. ಹದಿನೈದು ನಿಮಿಷದ ಒಳಗೆ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ನಡೆಸಿ ನೋಡಿ, ಯಾವುದು ಮೊದಲು ಯಾವುದು ಕೊನೆ ಎಂದು ಚೀಟಿಯಲ್ಲಿ ಬರೆಯಬೇಕು. ಪಕ್ಕದವರ ಜೊತೆ ಮಾತಿಲ್ಲ. ಪೂರ್ತಿ ಸರಿಯಾದರೆ 50 ಅಂಕ. ಮೊದಲೇ ಪರಿಣತರು ಕ್ರಮ ನಿರ್ಧರಿಸಿರುತ್ತಾರೆ. ಪ್ರತಿ ಜೋಡಿಯ ನಡುವೆ ಎಷ್ಟು ಅಂತರ ಎಂದೂ ಬರೆದಿರುತ್ತಾರೆ. ಎರಡು ಪ್ರಾಣಿ ಬಹಳ ಹತ್ತಿರ ಇದ್ದರೆ ಅಂತರ 1. ಅವನ್ನು ಹಿಂದೆ ಮುಂದೆ ಮಾಡಿದವರಿಗೆ 49 ಸಿಗುತ್ತದೆ. ಕಣ್ಣಿಗೆ ರಾಚುವ ವ್ಯತ್ಯಾಸವಾದರೆ ಅಂತರ 5 ಇರಬಹುದು. ಅದನ್ನು ತಪ್ಪಿದವರಿಗೆ 45. ಎಂಥ ತಪ್ಪು ಎಂಬುದರ ಮೇಲೆ ಅಂಕ ಹೋಗುತ್ತದೆ. ನಾನು ಕಂಡ ಪರೀಕ್ಷೆಗಳಲ್ಲಿ ಇಷ್ಟು ನ್ಯಾಯವಾಗಿ ಅಂಕ ಕಳೆಯುವುದು ಕಡಿಮೆ.

ಇದು ಅರ್ಧ ಮಾತ್ರ. ಇನ್ನರ್ಧಕ್ಕೆ ಕಾರಣ ಹೇಳುವುದು ಎಂದೇ ಹೆಸರು. ಒಬ್ಬೊಬ್ಬರಾಗಿ ತೀರ್ಪುಗಾರರ ಮುಂದೆ ನೆಟ್ಟಗೆ ನಿಂತು, ಚೀಟಿ ನೋಡದೆ, ಎರಡು ನಿಮಿಷದಲ್ಲಿ ತನ್ನ ಕ್ರಮವನ್ನು ಸಮರ್ಥಿಸಬೇಕು. ಅದಕ್ಕೆ ಮತ್ತೆ 50 ಅಂಕ. ಕನ್ನಡದಲ್ಲಿ ಹೇಳಿದರೆ ಸುಮಾರು ಹೀಗಿರುತ್ತದೆ: "ಈ ಕಡಸುಗಳನ್ನು 3, 1, 4, 2 ಎಂದು ಇಟ್ಟೆ. ಮೊದಲ ಜೋಡಿಯಲ್ಲಿ 3ನ್ನು 1ರ ಮೇಲಿಟ್ಟೆ. 3ರ ಪಕ್ಕೆ ಅಗಲ, ಹೊಟ್ಟೆ ಆಳ. ನಡೆಯುವಾಗ ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೇ ಬೀಳುತ್ತದೆ. 1 ಹೆಚ್ಚು ಮೈತುಂಬಿಕೊಂಡಿದೆ, ಅದನ್ನು ಒಪ್ಪುತ್ತೇನೆ. ಆದರೆ ಅದರ ಹಿಂಗಾಲು ಕೋಲಿನ ಹಾಗೆ ನೆಟ್ಟಗಿದೆ. ಬೆಟ್ಟ ಹತ್ತಬೇಕಾದ ಹಸುವಿಗೆ ಅದು ಬಾಳಿಕೆ ಬರುವುದಿಲ್ಲ."

ನಡುವಿನ ಆ "ಒಪ್ಪುತ್ತೇನೆ" ಎಂಬುದನ್ನು ಗಮನಿಸಿ, ಮೇಡಂ. ಅದನ್ನು ಬಿಡುವ ಹಾಗಿಲ್ಲ. ನೀವು ಕೆಳಗಿಟ್ಟ ಪ್ರಾಣಿ ಯಾವುದರಲ್ಲಿ ಮೇಲು ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಒಪ್ಪಿಕೊಂಡ ಮೇಲೂ ಯಾಕೆ ಕೆಳಗಿಟ್ಟಿರಿ ಎಂದು ಹೇಳಬೇಕು. ಹನ್ನೆರಡು ಹದಿಮೂರು ವರ್ಷದ ಮಕ್ಕಳು ಇದನ್ನು ಕಲಿಯುತ್ತಾರೆ. ಶನಿವಾರ ಬೆಳಿಗ್ಗೆ, ಹಿಮ ಬೀಳುತ್ತಿರುವಾಗ, ಕೋಚ್ ತಮ್ಮ ಹಿಂಡಿನಿಂದಲೇ ನಾಲ್ಕು ಕಡಸು ಕಟ್ಟಿ ನಿಲ್ಲಿಸಿರುತ್ತಾರೆ. ಮಕ್ಕಳು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ತಮ್ಮ ಕಾರಣಗಳನ್ನು ಗೋಡೆಗೇ ಹೇಳುತ್ತಾ ಅಭ್ಯಾಸ ಮಾಡುತ್ತಾರೆ. ಆಮೇಲೆ ಒಂದು ವ್ಯಾನ್ ತುಂಬಿಕೊಂಡು ಡೆನ್ವರ್‌ಗೋ, ಗೆದ್ದರೆ ಕೆಂಟಕಿಯ ಲೂಯಿವಿಲ್‌ಗೋ ಹೋಗುತ್ತಾರೆ. ಊರಿನವರೇ ಕೋಚ್ ಆದರೆ ಸಾಮಾನ್ಯವಾಗಿ ಸಂಬಳವಿಲ್ಲ. ಎಷ್ಟೋ ಸಲ ಪೆಟ್ರೋಲೂ ಅವರದ್ದೇ.

ಒಮ್ಮೆ ಇಂಥ ಅಭ್ಯಾಸಕ್ಕೆ ಹೋದಾಗ ಕೋಚ್ ನನ್ನನ್ನೂ ಕರೆದು ನಾಲ್ಕು ಕಡಸುಗಳನ್ನು ಸಾಲು ಹಚ್ಚಲು ಹೇಳಿದರು. ನನ್ನ ಕಣ್ಣು ಹಳ್ಳಿಕಾರ್ ಎತ್ತು ನೋಡಿ ಬೆಳೆದದ್ದು. ಕಾಲು, ಗೊರಸು, ನಡಿಗೆ ನೋಡಿ ಇಟ್ಟೆ. ಮಕ್ಕಳು ಮೈಕಟ್ಟು ನೋಡಿ ಇಟ್ಟಿದ್ದರು. ನನ್ನ ಮೊದಲನೆಯದು ಅವರ ಮೂರನೆಯದು. ಕೋಚ್ ನನ್ನ ಕ್ರಮ ಸರಿ ಎನ್ನಲಿಲ್ಲ, ತಪ್ಪು ಎನ್ನಲೂ ಇಲ್ಲ. "ಕಾರಣ ಹೇಳಿ" ಎಂದರು. ನನಗೆ ಬಾಯಿ ಬರಲಿಲ್ಲ. ಓದಿದ ಡಾಕ್ಟರ್ ನಾನು. ಕಂಡದ್ದು ಕಣ್ಣಿಗೆ ಗೊತ್ತಿತ್ತು, ಮಾತಿಗೆ ಬರಲಿಲ್ಲ. ಆ ದಿನ ನಾನು ಬಹಳ ಯೋಚಿಸಿದೆ.

ನಮ್ಮ ಜಾತ್ರೆಗಳನ್ನು ನೆನಪಿಸಿಕೊಳ್ಳಿ. ಘಾಟಿ, ಸಿದ್ಧಗಂಗೆ, ಮುಡುಕುತೊರೆ. ನಮ್ಮ ಅಜ್ಜಂದಿರು ಹಲ್ಲು ನೋಡಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ ಒಂದು ಜೋಡಿ ಎತ್ತಿನ ಬಗ್ಗೆ ಎಲ್ಲವನ್ನೂ ತಿಳಿಯುತ್ತಿದ್ದರು. ಆ ಕಣ್ಣು ಯಾರಿಗೂ ಕಡಿಮೆ ಇರಲಿಲ್ಲ. ಆದರೆ ವ್ಯಾಪಾರ ಟವೆಲ್ ಕೆಳಗೆ, ಬೆರಳು ಹಿಡಿದು, ಮಾತಿಲ್ಲದೆ. ತಿಳಿವಳಿಕೆ ಮೊಮ್ಮಗನಿಗೆ ಬರಬೇಕಾದರೆ ಅವನು ಇಪ್ಪತ್ತು ವರ್ಷ ಜೊತೆಯಲ್ಲೇ ತಿರುಗಬೇಕಿತ್ತು. ಈಗ ಯಾರು ತಿರುಗುತ್ತಾರೆ, ಅಲ್ವಾ? ಕಾರಣವನ್ನು ಗಟ್ಟಿಯಾಗಿ ಹೇಳಿಸಿದರೆ ಅದು ಎರಡು ವರ್ಷದಲ್ಲಿ ಒಂದು ಮಗುವಿಗೆ ದಾಟುತ್ತದೆ. ಇದನ್ನು ನಾನು ಅವರಿಂದ ಕಲಿತೆ. ನಮ್ಮ ಪಶುವೈದ್ಯಕೀಯ ಕಾಲೇಜುಗಳಲ್ಲಿ ಹಳ್ಳಿಕಾರ್, ಅಮೃತಮಹಲ್ ದನಗಳನ್ನು ನಿಲ್ಲಿಸಿ ಹೀಗೊಂದು ಅಭ್ಯಾಸ ಕನ್ನಡದಲ್ಲಿ ನಡೆಯಬೇಕು ಎಂಬುದು ನನ್ನ ಬಹುದಿನದ ಆಸೆ.

ಫೋರ್-ಎಚ್ ಎಂದರೆ ಈ ಮಕ್ಕಳ ಸಂಘ. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕಕ್ಕೂ ಇಂಗ್ಲಿಷ್‌ನಲ್ಲಿ ಎಚ್ ಅಕ್ಷರದ ಮಾತು. ನಾಲ್ಕೆಲೆಯ ಹಸಿರು ಗುರುತು ನೀವು ನೋಡಿರಬಹುದು. 1914ರ ಸ್ಮಿತ್-ಲಿವರ್ ಕಾಯ್ದೆಯಿಂದ ಪ್ರತಿ ರಾಜ್ಯದ ಕೃಷಿ ವಿಶ್ವವಿದ್ಯಾಲಯವೂ ಹಳ್ಳಿಗೆ ಹೋಗಿ ಕಲಿಸುವ ವ್ಯವಸ್ಥೆ ಬಂತು. ನಮ್ಮ ರೈತ ಸಂಪರ್ಕ ಕೇಂದ್ರದ ಹಾಗೆ. ಫೋರ್-ಎಚ್ ಅದರ ಜೊತೆಗೇ ಬೆಳೆಯಿತು. ಬೋಜ್‌ಮನ್‌ನ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯವೇ ಅಲ್ಲಿ ಅದನ್ನು ನಡೆಸುತ್ತದೆ.

ಇನ್ನು ಬೋರ್ಡ್. ಅದು ನೌಕರಿಯಲ್ಲ. ಮೊಂಟಾನಾದ ಲೈವ್‌ಸ್ಟಾಕ್ ಬೋರ್ಡಿನಲ್ಲಿ ಏಳು ಜನ. ಗವರ್ನರ್ ನೇಮಿಸುತ್ತಾರೆ, ಆರು ವರ್ಷದ ಅವಧಿ. ಏಳೂ ಜನ ಸ್ವತಃ ಪ್ರಾಣಿ ಸಾಕುವವರೇ ಆಗಿರಬೇಕು. ದನದವರು ನಾಲ್ವರು, ಉಳಿದವರು ಹೈನು, ಹಂದಿ, ಕುರಿ ಕಡೆಯವರು. ಸಭೆಯ ದಿನಕ್ಕೆ ಸಣ್ಣ ಭತ್ಯೆ, ಓಡಾಟದ ಖರ್ಚು, ಅಷ್ಟೇ. ಆದರೆ ಅಧಿಕಾರ ಸಣ್ಣದಲ್ಲ. ರಾಜ್ಯದ ಪಶು ಇಲಾಖೆಯ ಮುಖ್ಯಾಧಿಕಾರಿಯನ್ನು ನೇಮಿಸುವುದು ಇದೇ ಬೋರ್ಡ್. ಇಲಾಖೆಯ ಖರ್ಚಿನ ಒಂದು ಭಾಗ, ಸಾಕುವವರೇ ತಲೆಗೆ ಇಷ್ಟು ಎಂದು ಪ್ರತಿ ಪ್ರಾಣಿಗೆ ಕಟ್ಟುವ ತೆರಿಗೆಯಿಂದ ಬರುತ್ತದೆ.

ಅವರ ಒಂದು ಕೆಲಸ ಬರೆಗುರುತು. ಮೇ ತಿಂಗಳಲ್ಲಿ ಕರುಗಳ ಮೈಮೇಲೆ ಕಾಸಿದ ಕಬ್ಬಿಣದಿಂದ ಹಾಕುವ ಗುರುತು ರಾಜ್ಯದಲ್ಲಿ ನೋಂದಣಿಯಾಗಿರುತ್ತದೆ. ಎಡ ಪಕ್ಕೆಯೋ ಬಲ ತೊಡೆಯೋ ಎಂಬುದೂ ಸೇರಿ. ಅದು ಆಸ್ತಿ. ಮಾರಬಹುದು, ಮಕ್ಕಳಿಗೆ ಬಿಟ್ಟು ಹೋಗಬಹುದು. ಹತ್ತು ವರ್ಷಕ್ಕೊಮ್ಮೆ ಮತ್ತೆ ನೋಂದಾಯಿಸಬೇಕು, ಕೊನೆಯದು 2021ರಲ್ಲಿ ನಡೆಯಿತು. ದನ ಮಾರುವಾಗ, ಕೌಂಟಿ ಎಂಬ ಅಲ್ಲಿನ ಜಿಲ್ಲೆಯ ಗಡಿ ದಾಟಿಸುವಾಗ ಇನ್ಸ್‌ಪೆಕ್ಟರ್ ಗುರುತು ನೋಡಿ ಚೀಟಿ ಕೊಡಬೇಕು. ಬರೆ ಹಾಕುವ ದಿನ ಅಕ್ಕಪಕ್ಕದ ಮನೆಯವರೆಲ್ಲ ಬರುತ್ತಾರೆ. ನಮ್ಮ ಮುಯ್ಯಾಳು ಪದ್ಧತಿ ಇದೆಯಲ್ಲ, ಥೇಟ್ ಅದೇ. ಇವತ್ತು ನಿಮ್ಮ ಮನೆಗೆ ನಾನು, ನಾಳೆ ನಮ್ಮ ಮನೆಗೆ ನೀವು.

ಆದರೆ ಬೋರ್ಡಿನವರ ನಿದ್ದೆ ಕೆಡಿಸುವ ವಿಷಯ ಬೇರೆ. ಅದು ಬ್ರುಸೆಲ್ಲೋಸಿಸ್, ನಮ್ಮ ಕಡೆಯ ಕಂದು ರೋಗ. ಗಬ್ಬದ ಹಸು ಕಂದು ಹಾಕುತ್ತದೆ. ಹಸಿ ಹಾಲಿನಿಂದ, ಈಯುವಾಗಿನ ನೀರಿನಿಂದ ಮನುಷ್ಯರಿಗೂ ಬಂದು ತಿಂಗಳುಗಟ್ಟಲೆ ಜ್ವರ, ಕೀಲುನೋವು. ನನ್ನ ಜೊತೆ ಓದಿದ ಒಬ್ಬರು ಇದರಿಂದ ಬಹಳ ನರಳಿದರು. ಅಮೆರಿಕ 1934ರಲ್ಲಿ ಇದನ್ನು ಬೇರುಸಹಿತ ಕೀಳಲು ಹೊರಟಿತು. 1956ರ ಪರೀಕ್ಷೆಗಳಲ್ಲಿ 1,24,000 ಹಿಂಡುಗಳಲ್ಲಿ ರೋಗ ಕಂಡಿತ್ತು. ಇಂದು ಅದು ಉಳಿದಿರುವುದು ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿನ ಸುತ್ತಲಿನ ಬೈಸನ್ ಮತ್ತು ಎಲ್ಕ್ ಜಿಂಕೆಗಳಲ್ಲಿ ಮಾತ್ರ ಎನ್ನಬಹುದು. ಆ ಕಾಡುಪ್ರಾಣಿಗಳಿಗೆ ಇದು ಮೊದಲು ಬಂದದ್ದು ಸಾಕಿದ ದನದಿಂದಲೇ. ಈಗ ಅಲ್ಲಿಂದ ದನಕ್ಕೆ ಮರಳುತ್ತಿದೆ.

ಈ ಹೋರಾಟಕ್ಕೆ ನೆರವಾದ ಲಸಿಕೆಯ ಕಥೆ ಕೇಳಿ. 1923ರಲ್ಲಿ ಜಾನ್ ಬಕ್ ಎಂಬ ವಿಜ್ಞಾನಿ ಒಂದು ಜರ್ಸಿ ಹಸುವಿನ ಹಾಲಿನಿಂದ ರೋಗಾಣು ಬೇರ್ಪಡಿಸಿದರು. ಆ ಸೀಸೆ ವರ್ಷಕ್ಕೂ ಹೆಚ್ಚು ಕಾಲ ಹಾಗೇ ಕೋಣೆಯ ತಾಪದಲ್ಲಿ ಉಳಿದು, ರೋಗಾಣುವಿನ ಕಸುವು ಕುಗ್ಗಿತು. ಅದೇ ಸ್ಟ್ರೈನ್ 19. ಅಮೆರಿಕ 1996ರಲ್ಲಿ ಆರ್‌ಬಿ 51 ಎಂಬ ಬೇರೆ ಲಸಿಕೆಗೆ ಹೋಯಿತು. ಆದರೆ 2019ರಲ್ಲಿ ಶುರುವಾದ ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಹಾಕುವುದು ಸ್ಟ್ರೈನ್ 19 ಲಸಿಕೆಯೇ. ನಿಮ್ಮ ಊರಿನ ಕರುವಿಗೂ ನೀವು ನೋಡಿದ ಆ ಕೊಟ್ಟಿಗೆಗೂ ಇಂಥದ್ದೊಂದು ನಂಟಿದೆ. ಅಲ್ಲಿನ ಕಡಸುಗಳ ಬಲಗಿವಿಯಲ್ಲಿ ಚಿಕ್ಕ ಕಿತ್ತಳೆ ಬಣ್ಣದ ಲೋಹದ ಬಿಲ್ಲೆ ಕಂಡರೆ, ಅದು ಈ ರೋಗಕ್ಕೆ ಲಸಿಕೆ ಹಾಕಿದ ಗುರುತು.

2007-08ರಲ್ಲಿ ಮೊಂಟಾನಾದ ಎರಡು ಹಿಂಡುಗಳಲ್ಲಿ ರೋಗ ಕಂಡಿತು. ಎರಡು ವರ್ಷದೊಳಗೆ ಎರಡು ಹಿಂಡು ಎಂದರೆ ಆಗಿನ ನಿಯಮದಂತೆ ಇಡೀ ರಾಜ್ಯದ ರೋಗಮುಕ್ತ ಪಟ್ಟ ಹೋಗುತ್ತದೆ. 2008ರಲ್ಲಿ ಹೋಯಿತು. ಆರುನೂರು ಕಿಲೋಮೀಟರ್ ಆಚೆ, ಬೈಸನ್ನನ್ನೇ ಕಾಣದ ರಾಂಚಿನವರೂ ದನ ಹೊರಗೆ ಕಳಿಸುವ ಮೊದಲು ರಕ್ತಪರೀಕ್ಷೆ ಮಾಡಿಸಬೇಕಾಯಿತು. 2009ರಲ್ಲಿ ಪಟ್ಟ ಮರಳಿತು. ಆಮೇಲೆ ಯೆಲ್ಲೋಸ್ಟೋನ್ ಸುತ್ತ ಒಂದು ಗೆರೆ ಎಳೆದರು. ಗೆರೆಯ ಒಳಗಿನವರು ಲಸಿಕೆ, ಪರೀಕ್ಷೆ ಎಲ್ಲ ಮಾಡಿಸಬೇಕು. ಹೊರಗಿನವರು ನಿಶ್ಚಿಂತೆ. ಬೋಜ್‌ಮನ್ ಇರುವ ಗ್ಯಾಲಟಿನ್ ಕೌಂಟಿಯ ಭಾಗಗಳೂ ಗೆರೆಯ ಒಳಗೇ ಬಂದವು. ರೋಗದ ಎಲ್ಕ್ ಹೊಸ ಜಾಗದಲ್ಲಿ ಸಿಕ್ಕಾಗಲೆಲ್ಲ ಗೆರೆ ಹಿಗ್ಗುತ್ತದೆ.

ಈಗ ಯೋಚಿಸಿ. ಆ ಗೆರೆ ಎಲ್ಲಿ ಬೀಳಬೇಕು ಎಂದು ಒಪ್ಪಿಗೆ ಹಾಕುವವರಲ್ಲಿ ಒಬ್ಬರು ದನ ಸಾಕುವವರು. ಗೆರೆ ಅವರ ಗೆಳೆಯನ ಬೇಲಿಯ ಮೇಲೆ ಹಾದುಹೋಗುತ್ತದೆ. ಬರೆ ಹಾಕುವ ದಿನ ಮುಯ್ಯಿಗೆ ಬಂದವನ ಹಿಂಡು ಒಳಗೆ ಬೀಳುತ್ತದೆ. ಇನ್ನೊಂದು ಕಡೆ ಬೈಸನ್ ಉಳಿಸಬೇಕೆನ್ನುವವರು. ಬೈಸನ್ ತಮ್ಮ ಬಂಧು ಎನ್ನುವ ಮೂಲ ಜನರು. 1996-97ರ ಚಳಿಯಲ್ಲಿ ಪಾರ್ಕಿನಿಂದ ಹೊರಬಂದ ಸಾವಿರಕ್ಕೂ ಹೆಚ್ಚು ಬೈಸನ್‌ಗಳನ್ನು ಕೊಂದದ್ದನ್ನು ಅವರು ಮರೆತಿಲ್ಲ. ಮರೆಯಬೇಕಾಗಿಯೂ ಇಲ್ಲ. ಬಯಲಿನಲ್ಲಿ ಬೈಸನ್‌ನಿಂದ ದನಕ್ಕೆ ರೋಗ ಬಂದದ್ದಕ್ಕೆ ದಾಖಲೆ ಇಲ್ಲ, ದನಕ್ಕೆ ದಾಟಿಸುತ್ತಿರುವುದು ಎಲ್ಕ್ ಎಂದು 2017ರಲ್ಲಿ ದೇಶದ ವಿಜ್ಞಾನ ಅಕಾಡೆಮಿಯ ವರದಿ ಸ್ಪಷ್ಟವಾಗಿ ಹೇಳಿತು. ಅದಕ್ಕೂ ಬೋರ್ಡ್ ಉತ್ತರ ಕೊಡಬೇಕು.

ಇಂಥ ಅಹವಾಲು ಸಭೆಗಳಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೇನೆ. ಕೆಲವರು ಮೇಜು ಗುದ್ದುತ್ತಾರೆ, ಕೆಲವರು ತಲೆ ತಗ್ಗಿಸಿ ಸುಮ್ಮನಿರುತ್ತಾರೆ. ನೆನಪಿನಲ್ಲಿ ಉಳಿದವರು ಮೂರನೆಯ ತರಹದವರು. ಎದ್ದು ನಿಂತು, ಕಾಗದ ನೋಡದೆ, "ನಿಮ್ಮ ಹಿಂಡಿಗೆ ತೊಂದರೆ ಆಗುತ್ತದೆ, ಒಪ್ಪುತ್ತೇನೆ. ಬೈಸನ್ ಬಗ್ಗೆ ಇವರು ಹೇಳಿದ್ದು ಸರಿ, ಅದನ್ನೂ ಒಪ್ಪುತ್ತೇನೆ. ಆದರೂ ಗೆರೆ ಇಲ್ಲಿ ಬೇಕು, ಯಾಕೆಂದರೆ" ಎಂದು ಹೇಳಿದವರು. ಅವರ ಮಾತಿನ ಧಾಟಿ ಕೇಳಿದ ಕೂಡಲೇ ನನಗೆ ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತ ಮಕ್ಕಳು ಕಾಣುತ್ತಿದ್ದರು. ಕೋಚ್ ಆಗಿದ್ದವರು ಯಾರು ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ.

ಹಾಗಾಗಿ ನಿಮ್ಮ ನೆರೆಯವರ ಮೂರು ಕೆಲಸ ನನಗೆ ಒಂದೇ ಕೆಲಸವಾಗಿ ಕಾಣುತ್ತದೆ. ಹಿಂಡಿನ ನಡುವೆ ನಿಂತು ನೋಡುವುದು, ನಿರ್ಧರಿಸುವುದು, ಕಾರಣವನ್ನು ಎಲ್ಲರೆದುರು ಹೇಳುವುದು. ನಮ್ಮಲ್ಲಿ ಚಳ್ಳಕೆರೆಯ ಕಾವಲಿನಲ್ಲಿ ಸುಮಾರು 10,000 ಎಕರೆ ಬೇರೆ ಬೇರೆ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ದನ ಕುರಿ ಮೇಯಿಸುತ್ತಿದ್ದವರು ನಿರ್ಧಾರ ಮಾಡುವ ಮೇಜಿನ ಸುತ್ತ ಇರಲಿಲ್ಲ. ಆ ಸಂಸ್ಥೆಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಕುರ್ಚಿ ಅವರಿಗೂ ಇದ್ದಿದ್ದರೆ ಎಂದು ಮಾತ್ರ ಅನ್ನಿಸುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಹೂವಿನ ಬದಲು ದೇಣಿಗೆ ಎಂದು ಬರೆದಿದ್ದರೆ ಅದನ್ನೇ ಮಾಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಇಪ್ಪತ್ತು ಡಾಲರ್ ಆದರೂ ಸಾಕು, ಮೊತ್ತವನ್ನು ಯಾರೂ ಎಣಿಸುವುದಿಲ್ಲ. ಪತ್ರಿಕೆಯಲ್ಲಿ ಕೊಟ್ಟ ಕ್ಲಬ್ಬಿನ ಹೆಸರಿಗೇ ಮಗಳಿಂದ ಚೆಕ್ ಬರೆಸಿ, ಕೆಳಗಿನ ಟಿಪ್ಪಣಿ ಜಾಗದಲ್ಲಿ ಅವರ ನೆನಪಿಗೆ ಎಂದು ಹಾಕಿಸಿ. ಸ್ಮರಣೆ ಸಭೆಗೆ ಧೈರ್ಯವಾಗಿ ಹೋಗಿ. ಬಹಳ ಸಲ ಊರ ಮೇಳದ ಅಂಗಳದಲ್ಲೋ ಶಾಲೆಯ ಜಿಮ್ಮಿನಲ್ಲೋ ಇರುತ್ತದೆ. ಆಮೇಲೆ ಊಟ, ಪ್ರತಿಯೊಬ್ಬರೂ ಒಂದೊಂದು ಅಡುಗೆ ತಂದಿರುತ್ತಾರೆ. ನೀವು ಚಿತ್ರಾನ್ನ ಮಾಡಿಕೊಂಡು ಹೋಗಿ, ಕಡಲೆಬೀಜ ಹಾಕಿದ್ದರೆ ಪಕ್ಕದಲ್ಲಿ ಒಂದು ಚೀಟಿ ಇಡಿ. ಅಲ್ಲಿ ಕಡಲೆಬೀಜ ಆಗದವರು ಇರುತ್ತಾರೆ.

ಮನೆಯವರಿಗೆ ಒಂದು ಕಾರ್ಡ್ ಕೊಡಿ. ಕನ್ನಡದಲ್ಲೇ ಬರೆಯಿರಿ, ಕೆಳಗೆ ಮಗಳು ಇಂಗ್ಲಿಷ್‌ನಲ್ಲಿ ಬರೆಯಲಿ. ದುಃಖದ ದೊಡ್ಡ ಮಾತು ಬೇಡ. ಮಾರ್ಚ್‌ನ ಆ ಸಂಜೆ ಎಷ್ಟು ಚಳಿ ಇತ್ತು, ಕರು ಯಾವ ಬಣ್ಣದ್ದು, ಅವರು ಅದನ್ನು ಹೇಗೆ ಒರೆಸಿದರು, ನಿಮಗೆ ಏನು ಹೇಳಿದರು, ಇಷ್ಟನ್ನೇ ಬರೆಯಿರಿ. ಕಿವಿಯ ಬಿಲ್ಲೆಯ ಸಂಖ್ಯೆ ನೆನಪಿದ್ದರೆ ಅದನ್ನೂ ಬರೆಯಿರಿ. ಆ ಕರು ಯಾವುದು ಎಂದು ಅವರ ಮನೆಯವರಿಗೆ ತಕ್ಷಣ ಗೊತ್ತಾಗುತ್ತದೆ.